ಟ್ಯೂಬಿನಲ್ಲಿ ನಿಂತ ಸಾಲು, ದೇಹದಲ್ಲಿ ನಿಲ್ಲದ ಸಾಲು

ರಕ್ತ ಹೆಪ್ಪುಗಟ್ಟಬೇಕಾದರೆ ಹತ್ತಾರು ಪ್ರೋಟೀನುಗಳು ಒಂದರ ಬೆನ್ನಿಗೊಂದು ಕೆಲಸ ಮಾಡಬೇಕು. ಒಂದನ್ನು ತೆಗೆದರೂ ಸಾಲು ನಿಂತುಹೋಗುತ್ತದೆ. ಹಾಗಿದ್ದಮೇಲೆ ಇದು ಹಂತಹಂತವಾಗಿ ವಿಕಾಸವಾಗಿರುವುದು ಹೇಗೆ? ಅರ್ಧ ಸಾಲಿನಿಂದ ಯಾವ ಪ್ರಾಣಿಗೆ ಏನು ಲಾಭ? ಮಾಟುಂಗಾ, ಡೊಂಬಿವಿಲಿಯ ಕನ್ನಡ ಬಳಗಗಳಲ್ಲಿ, ಅದರಲ್ಲೂ ವಿಜ್ಞಾನ ಶಿಕ್ಷಕರಿಂದ, ನಮ್ಮಂಥ ಪ್ಯಾಥಾಲಜಿಯವರಿಗೆ ಈ ಪ್ರಶ್ನೆ ಬರುತ್ತದೆ. ಎನ್‌ಸಿಇಆರ್‌ಟಿ 2023ರಲ್ಲಿ ಹತ್ತನೇ ತರಗತಿಯ ಪುಸ್ತಕದಿಂದ ವಿಕಾಸದ ಪಾಠವನ್ನು ತೆಗೆದುಹಾಕಿತು. ಆ ಪುಸ್ತಕ ಓದಿ ಕಾಮರ್ಸಿಗೆ ಹೋಗುವ ಮಕ್ಕಳು ಇನ್ನು ಮುಂದೆ ವಿಕಾಸದ ಬಗ್ಗೆ ಕೇಳುವುದು ಇಂಥ ಪ್ರಶ್ನೆಗಳ ಮೂಲಕವೇ. ಆದ್ದರಿಂದ ಉತ್ತರ ವಿವರವಾಗಿಯೇ ಇರಬೇಕು.

ಪ್ರಶ್ನೆಯನ್ನು ಹೀಗೆ ಜೋಡಿಸಿದವರು ಅಮೆರಿಕದ ಪೆನ್ಸಿಲ್ವೇನಿಯಾದ ಲೀಹೈ ವಿಶ್ವವಿದ್ಯಾಲಯದ ಜೀವರಸಾಯನ ವಿಜ್ಞಾನಿ ಮೈಕೆಲ್ ಬೀಹಿ. 1996ರ ತಮ್ಮ ಪುಸ್ತಕದಲ್ಲಿ ಅವರು ಇದನ್ನು ಕಳಚಲಾಗದ ಸಂಕೀರ್ಣತೆ ಎಂಬರ್ಥದ ಹೆಸರಿನಿಂದ ಕರೆದರು. ಬ್ಯಾಕ್ಟೀರಿಯಾದ ಬಾಲ ಅವರ ಹೆಸರಾಂತ ಉದಾಹರಣೆ. ರಕ್ತ ಹೆಪ್ಪುಗಟ್ಟುವಿಕೆ ಇನ್ನೊಂದು. ಒಂದು ಭಾಗ ಕಳಚಿದರೂ ಕೆಲಸ ನಿಲ್ಲುವ ವ್ಯವಸ್ಥೆಯನ್ನು ಯಾರೋ ಬುದ್ಧಿಪೂರ್ವಕವಾಗಿ ಒಟ್ಟಿಗೇ ಜೋಡಿಸಿರಬೇಕು ಎಂಬುದು ವಿನ್ಯಾಸವಾದಿಗಳ ತೀರ್ಮಾನ. ಬಾಲವನ್ನು ಬಿಡೋಣ. ರಕ್ತವನ್ನು ಮುಂಬಯಿಯ ಸಾಧಾರಣ ಲ್ಯಾಬಿನಲ್ಲೂ ದಿನವೂ ಪರೀಕ್ಷಿಸುತ್ತೇವೆ.

ಆಪರೇಷನ್ನಿಗೆ ಮುಂಚೆ ಬರೆಸುವ ಎಪಿಟಿಟಿ, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಸೆಕೆಂಡು ಬೇಕೆಂದು ಅಳೆಯುವ ಪರೀಕ್ಷೆ, ನಡೆಯುವುದು ಹೀಗೆ. 3.2 ಶೇಕಡಾ ಸೋಡಿಯಂ ಸಿಟ್ರೇಟ್ ಇರುವ ನೀಲಿ ಮುಚ್ಚಳದ ಟ್ಯೂಬಿಗೆ 2.7 ಮಿಲಿ ರಕ್ತ, ಸಿಟ್ರೇಟ್ 0.3 ಮಿಲಿ. ಹೆಪ್ಪುಗಟ್ಟಲು ಬೇಕಾದ ಕ್ಯಾಲ್ಸಿಯಮ್ಮನ್ನು ಸಿಟ್ರೇಟ್ ಹಿಡಿದಿಟ್ಟುಕೊಳ್ಳುವುದರಿಂದ ರಕ್ತ ಟ್ಯೂಬಿನಲ್ಲಿ ಗಟ್ಟಿಯಾಗುವುದಿಲ್ಲ. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಮೇಲೆ ನಿಲ್ಲುವ ದ್ರವಭಾಗವಾದ ಪ್ಲಾಸ್ಮಾ ತೆಗೆದು, ಅದರ 0.1 ಮಿಲಿಗೆ ಅಷ್ಟೇ ರಿಯೇಜೆಂಟ್ ಸೇರಿಸಿ 37 ಡಿಗ್ರಿಯಲ್ಲಿ ಮೂರರಿಂದ ಐದು ನಿಮಿಷ ಇಡುತ್ತೇವೆ. ರಿಯೇಜೆಂಟಿನಲ್ಲಿ ಫಾಸ್ಫೋಲಿಪಿಡ್ ಜೊತೆಗೆ ಕೇಯೋಲಿನ್ ಅಥವಾ ಸಿಲಿಕಾದಂಥ ಪುಡಿ ಇರುತ್ತದೆ. ಕೊನೆಗೆ 0.025 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ 0.1 ಮಿಲಿ ಹಾಕಿದ ಕ್ಷಣದಿಂದ ಎಳೆ ಕಟ್ಟುವವರೆಗಿನ ಸೆಕೆಂಡು ಎಣಿಕೆ. ಕಿಟ್ಟಿಗೆ ತಕ್ಕಂತೆ ಬದಲಾದರೂ ಸಾಮಾನ್ಯವಾಗಿ 25ರಿಂದ 35 ಸೆಕೆಂಡು.

ಸಮಯ ಉದ್ದವಾಗಿ ಬಂದರೆ ರೋಗಕ್ಕಿಂತ ಮೊದಲು ಸ್ಯಾಂಪಲ್ಲನ್ನೇ ಅನುಮಾನಿಸಬೇಕು. ಟ್ಯೂಬು ಗುರುತಿನವರೆಗೆ ತುಂಬದಿದ್ದರೆ ಹೆಚ್ಚಾದ ಸಿಟ್ರೇಟ್ ನಾವು ಹಾಕುವ ಕ್ಯಾಲ್ಸಿಯಮ್ಮನ್ನೂ ನುಂಗುತ್ತದೆ. ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) 55 ಶೇಕಡಾ ದಾಟಿದವರಲ್ಲೂ ಪ್ಲಾಸ್ಮಾ ಕಡಿಮೆಯಾಗಿ ಇದೇ ಆಗುತ್ತದೆ. ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಔಷಧಿ ಹಾಕಿದ ಲೈನಿನಿಂದ ರಕ್ತ ಎಳೆದರೆ ಕೇಳುವುದೇ ಬೇಡ. ಕಲ್ಯಾಣದ ಕಲೆಕ್ಷನ್ ಸೆಂಟರಿನಿಂದ ಪರೇಲಿನ ಲ್ಯಾಬಿಗೆ ಲೋಕಲ್ ಟ್ರೇನಿನಲ್ಲಿ ಬರುವ ಸ್ಯಾಂಪಲ್ ನಾಲ್ಕು ಗಂಟೆಯೊಳಗೆ ಮುಟ್ಟಬೇಕು. ಮೇ ತಿಂಗಳ ಸೆಕೆಗೆ ಹೆದರಿ ಐಸಿನ ಮೇಲಿಟ್ಟು ಕಳಿಸುವವರಿದ್ದಾರೆ. ಅದೂ ತಪ್ಪು: ತಣ್ಣಗಾದ ರಕ್ತದಲ್ಲಿ ಫ್ಯಾಕ್ಟರ್ 8 (ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ಹೀಗೆ ಸಂಖ್ಯೆಯಿಂದ ಕರೆಯುತ್ತೇವೆ) ಇಳಿಯುತ್ತದೆ.

ಹೊಸ ಸ್ಯಾಂಪಲ್ಲಿನಲ್ಲೂ ಸಮಯ ಉದ್ದವೇ ಬಂದರೆ, ರೋಗಿಯ ಪ್ಲಾಸ್ಮಾಕ್ಕೆ ಆರೋಗ್ಯವಂತರ ಪ್ಲಾಸ್ಮಾ ಸಮಪಾಲು ಬೆರೆಸಿ ಮತ್ತೆ ಅಳೆಯುತ್ತೇವೆ. ಸರಿಹೋದರೆ ಯಾವುದೋ ಫ್ಯಾಕ್ಟರಿನ ಕೊರತೆ. ಸರಿಹೋಗದಿದ್ದರೆ ಹೆಪ್ಪುಗಟ್ಟುವುದನ್ನು ತಡೆಯುವ ಯಾವುದೋ ವಸ್ತು ಆ ರಕ್ತದಲ್ಲಿದೆ. ಕೊರತೆ ಎಂದಾದಾಗ ಒಂದೊಂದೇ ಫ್ಯಾಕ್ಟರನ್ನು ಅಳೆಯುತ್ತ ಹೋಗುತ್ತೇವೆ. ಈ ಚರ್ಚೆಗೆ ಬೇಕಾದ ಸಾಕ್ಷ್ಯ ಸಿಗುವುದು ಇಲ್ಲಿ.

ಫ್ಯಾಕ್ಟರ್ 8 ಅಥವಾ 9 ಇಲ್ಲದ ಮಗುವಿಗೆ ಹಿಮೋಫಿಲಿಯಾ; ಬಿದ್ದರೆ ಸಾಕು, ಕೀಲಿನೊಳಗೆ ರಕ್ತ ತುಂಬುತ್ತದೆ. ಫ್ಯಾಕ್ಟರ್ 11 ಇಲ್ಲದವರು ಬಹುಪಾಲು ಆರಾಮಾಗಿರುತ್ತಾರೆ. ಹಲ್ಲು ಕೀಳಿಸಿದಾಗಲೋ ಆಪರೇಷನ್ನಿನಲ್ಲೋ ತೊಂದರೆ ಕಾಣುತ್ತದೆ. ಫ್ಯಾಕ್ಟರ್ 12 ಇಲ್ಲದವರ ಎಪಿಟಿಟಿ 100 ಸೆಕೆಂಡು ದಾಟಬಹುದು, ಆದರೆ ಅವರಿಗೆ ರಕ್ತಸ್ರಾವವೇ ಇಲ್ಲ. ಈ ಕೊರತೆ ಮೊದಲು ವರದಿಯಾದದ್ದು 1955ರಲ್ಲಿ, ಅಮೆರಿಕದ ಒಬ್ಬ ರೈಲ್ವೆ ನೌಕರರಲ್ಲಿ. ಅವರು ತೀರಿಕೊಂಡದ್ದು 1968ರಲ್ಲಿ, ಶ್ವಾಸಕೋಶದ ರಕ್ತನಾಳಕ್ಕೆ ಹೆಪ್ಪು ಅಡ್ಡಬಂದು.

ಕಾರಣ ಸರಳ. ಫ್ಯಾಕ್ಟರ್ 12 ಚುರುಕಾಗಲು ಗಾಜಿನ, ಕೇಯೋಲಿನ್ನಿನಂಥ ಮೇಲ್ಮೈ ಬೇಕು, ಅದನ್ನು ಒದಗಿಸುವವರು ನಾವು. ಗಾಯವಾದ ರಕ್ತನಾಳದಲ್ಲಿ ಕೆಲಸ ಶುರುಮಾಡುವುದು ರಕ್ತನಾಳದ ಹೊರಗಿನ ಜೀವಕೋಶಗಳಲ್ಲಿರುವ ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೋಟೀನು ಮತ್ತು ಫ್ಯಾಕ್ಟರ್ 7. ಪಠ್ಯಪುಸ್ತಕಗಳಲ್ಲಿ ಕಾಣುವ ಸರಪಳಿಯ ಚಿತ್ರ 1964ರದ್ದು, ಬಹುಮಟ್ಟಿಗೆ ಟ್ಯೂಬಿನ ಪ್ರಯೋಗಗಳಿಂದ ಬಿಡಿಸಿದ್ದು. ಆ ಚಿತ್ರವನ್ನೇ ದೇಹವೆಂದು ತಿಳಿದರೆ ಪ್ರತಿ ಕೊಂಡಿಯೂ ಅನಿವಾರ್ಯ ಅನ್ನಿಸುತ್ತದೆ.

ಮುಂಬಯಿ ಕಡಲಲ್ಲಿ ಆಗಾಗ ಕಾಣುವ ಡಾಲ್ಫಿನ್ನುಗಳಲ್ಲೂ ತಿಮಿಂಗಿಲಗಳಲ್ಲೂ ಫ್ಯಾಕ್ಟರ್ 12 ಇಲ್ಲ; ಇದು 1969ರಿಂದಲೇ ಗೊತ್ತು. ಕೋಳಿಯಲ್ಲಿ ಇಲ್ಲ. ಪಫರ್ ಮೀನಿನ ಜೀನೋಮಿನಲ್ಲಿ 11, 12 ಎರಡೂ ಇಲ್ಲ. ಅವುಗಳ ರಕ್ತ ಮಾತ್ರ ಹೆಪ್ಪುಗಟ್ಟುತ್ತದೆ.

ಬೀಹಿಯವರಿಗೆ ಅನ್ಯಾಯವಾಗಬಾರದು. ಫ್ಯಾಕ್ಟರ್ 12ರಿಂದ ಒಂದು, ಟಿಶ್ಯೂ ಫ್ಯಾಕ್ಟರಿನಿಂದ ಇನ್ನೊಂದು, ಹೀಗೆ ಶುರುವಾಗುವ ಎರಡು ದಾರಿಗಳು ಕೂಡುವ ಜಾಗದ ನಂತರದ ಭಾಗಕ್ಕೆ, ಅಂದರೆ ಫ್ಯಾಕ್ಟರ್ 10, 5, ಪ್ರೋಥ್ರಾಂಬಿನ್, ಹೆಪ್ಪಿನ ಎಳೆಯಾಗುವ ಫೈಬ್ರಿನೋಜನ್ ಇವುಗಳಿಗೆ ಮಾತ್ರ ತಮ್ಮ ವಾದ ಅನ್ವಯಿಸುತ್ತದೆ ಎಂದು ಅವರು ಬರೆದಿದ್ದಾರೆ. ವಾಟ್ಸಾಪಿನಲ್ಲಿ ಆ ಮಿತಿ ಕಾಣೆಯಾಗುತ್ತದೆ. ಇಲಿಗಳ ವಿಷಯದಲ್ಲೂ ಅವರು ಸರಿಯಿದ್ದರು. ರಕ್ತದ ವಿಕಾಸವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ರಸೆಲ್ ಡೂಲಿಟಲ್, ಫೈಬ್ರಿನೋಜನ್ ಮತ್ತು ಹೆಪ್ಪು ಕರಗಿಸಲು ಬೇಕಾದ ಪ್ಲಾಸ್ಮಿನೋಜನ್ ಎರಡೂ ಇಲ್ಲದ ಇಲಿಗಳು ಬಹುತೇಕ ಸಹಜವಾಗಿವೆ ಎಂದು 1997ರಲ್ಲಿ ಬರೆದರು. ಮೂಲ ಪ್ರಬಂಧದಲ್ಲಿ ಹಾಗಿಲ್ಲ: ಪ್ಲಾಸ್ಮಿನೋಜನ್ ಕೊರತೆಯ ತೊಂದರೆ ತಪ್ಪಿತ್ತು, ಫೈಬ್ರಿನೋಜನ್ ಕೊರತೆಯದು ಉಳಿದಿತ್ತು. ಬೀಹಿ ಅದನ್ನು ಎತ್ತಿ ತೋರಿಸಿದರು. ವಿನ್ಯಾಸವಾದವನ್ನು ಟೀಕಿಸುವವರು ಆ ಹಳೆಯ ಉದಾಹರಣೆಯನ್ನು ಕೈಬಿಡಬೇಕು.

ಆದರೂ ಬೀಹಿಯವರ ತೀರ್ಮಾನ ನಿಲ್ಲುವುದಿಲ್ಲ. ಫ್ಯಾಕ್ಟರ್ 7, 9, 10 ಮತ್ತು ಪ್ರೋಟೀನ್ ಸಿ ಒಂದೇ ಅಚ್ಚಿನವು. ಪ್ರೋಥ್ರಾಂಬಿನ್ನೂ ಅವುಗಳ ಸಂಬಂಧಿ. ಪ್ರೋಟೀನನ್ನು ಕತ್ತರಿಸುವ ಇವುಗಳ ತುದಿ ಜೀರ್ಣಾಂಗದ ಟ್ರಿಪ್ಸಿನ್ನನ್ನು ಹೋಲುತ್ತದೆ. 5 ಮತ್ತು 8 ಇನ್ನೊಂದು ಜೋಡಿ. ಫ್ಯಾಕ್ಟರ್ 11 ಪ್ರೀಕ್ಯಾಲಿಕ್ರಿನ್ ಎಂಬ ಇನ್ನೊಂದು ಪ್ರೋಟೀನಿನ ಜೀನಿನ ನಕಲಿನಿಂದ ಬಂದದ್ದು, ಅದೂ ಸಸ್ತನಿಗಳಲ್ಲಿ. ಇರುವ ಜೀನು ನಕಲಾಗಿ, ಒಂದು ಪ್ರತಿ ಹಳೆಯ ಕೆಲಸ ಮಾಡುತ್ತಿದ್ದಾಗ ಇನ್ನೊಂದು ಬೇರೆಡೆಗೆ ತಿರುಗಿದ ಗುರುತುಗಳಿವು. ಹಾಗಾದರೆ ಬೆನ್ನುಮೂಳೆಯಿಲ್ಲದ ಸಂಬಂಧಿಗಳಲ್ಲಿ ಹೆಪ್ಪುಗಟ್ಟುವ ಕೆಲಸಕ್ಕೆ ಸೇರದ ಫೈಬ್ರಿನೋಜನ್ ಮಾದರಿಯ ಜೀನು ಸಿಗಬೇಕು ಎಂಬುದು ಡೂಲಿಟಲ್ ಅವರ ನಿರೀಕ್ಷೆಯಾಗಿತ್ತು. 1990ರಲ್ಲಿ ಅವರ ತಂಡಕ್ಕೆ ಅದು ಸಮುದ್ರ ಸೌತೆಯಲ್ಲಿ ಸಿಕ್ಕಿತು.

ಈಗ ಅನಿವಾರ್ಯವಾದದ್ದು ಮೊದಲಿನಿಂದಲೂ ಅನಿವಾರ್ಯವಾಗಿತ್ತು ಎನ್ನಲಾಗದು. ತಳಿವಿಜ್ಞಾನಿ ಹರ್ಮನ್ ಮುಲ್ಲರ್ 1918ರಲ್ಲೇ ಇದನ್ನು ಬಿಡಿಸಿಟ್ಟಿದ್ದರು. ಹೊಸ ಭಾಗ ಸೇರಿದಾಗ ಅದರಿಂದ ಸ್ವಲ್ಪ ಅನುಕೂಲವಷ್ಟೇ. ಅದು ಇದ್ದೇ ಇರುತ್ತದೆ ಎಂದು ಉಳಿದ ಭಾಗಗಳು ಬದಲಾಗುತ್ತ ಹೋದಂತೆ ಅದಿಲ್ಲದೆ ನಡೆಯದಂತಾಗುತ್ತದೆ. 12, 11, 8 ಎಂಬ ಏರುಮೆಟ್ಟಿಲಲ್ಲಿ ನಾವು ಕಾಣುವುದೂ ಇದನ್ನೇ: ಅವಲಂಬನೆ ಒಂದೊಂದು ಫ್ಯಾಕ್ಟರಿಗೆ ಒಂದೊಂದು ಮಟ್ಟದಲ್ಲಿದೆ, ಇದೆ-ಇಲ್ಲ ಎಂಬ ಎರಡೇ ಸ್ಥಿತಿಯಲ್ಲಿ ಅಲ್ಲ.

ವಿನ್ಯಾಸವಾದವನ್ನು ಶಾಲೆಗೆ ತರಹೊರಟ ಪೆನ್ಸಿಲ್ವೇನಿಯಾದ ಡೋವರ್ ಶಾಲಾ ಮಂಡಳಿಯ ಮೇಲಿನ ಮೊಕದ್ದಮೆಯಲ್ಲಿ ಈ ವಾದಗಳೆಲ್ಲ ಕೋರ್ಟಿನ ಮುಂದೆ ಬಂದವು. ನ್ಯಾಯಾಧೀಶ ಜಾನ್ ಜೋನ್ಸ್ 2005ರ ಡಿಸೆಂಬರ್ 20ರಂದು ವಿನ್ಯಾಸವಾದ ವಿಜ್ಞಾನವಲ್ಲ ಎಂದು ತೀರ್ಪಿತ್ತರು. ಶಿಕ್ಷಕರಿಗೆ ತೀರ್ಪಿಗಿಂತ ಸಾಕ್ಷ್ಯ ಮುಖ್ಯ ಎಂದೇ ನನ್ನ ಅಭಿಪ್ರಾಯ. ಅದೇ ಕೋರ್ಟಿನಲ್ಲಿ, ಬೀಹಿಯವರ ಮತ್ತೊಂದು ಉದಾಹರಣೆಯಾದ ರೋಗನಿರೋಧಕ ವ್ಯವಸ್ಥೆಯ ವಿಕಾಸದ ಬಗ್ಗೆ 58 ಪ್ರಬಂಧಗಳನ್ನೂ 9 ಪುಸ್ತಕಗಳನ್ನೂ ಮುಂದಿಟ್ಟಾಗ ಬೀಹಿ ಅವು ಸಾಲವು ಎಂದರು. ಎಷ್ಟಿದ್ದರೆ ಸಾಕು ಎಂಬ ಅಳತೆಗೋಲು ಅವರ ವಾದದಲ್ಲಿ ಇಲ್ಲ.

ಫ್ಯಾಕ್ಟರ್ 12 ಇನ್ನೂ ಯಾಕೆ ಉಳಿದಿದೆ ಎಂಬುದು ಒಳ್ಳೆಯ ಪ್ರಶ್ನೆ. ಉರಿಯೂತದಲ್ಲಿ ಅದಕ್ಕೆ ಪಾತ್ರವಿದೆ. ಅದರ ಕೆಲವು ಮ್ಯುಟೇಶನ್ನುಗಳಿಂದ ಮುಖ, ಗಂಟಲು ಊದಿಕೊಳ್ಳುವ ಆನುವಂಶಿಕ ಕಾಯಿಲೆ ಬರುತ್ತದೆ. ಇನ್ನು ಫ್ಯಾಕ್ಟರ್ 11 ಕಡಿಮೆಯಿದ್ದರೆ ರಕ್ತಸ್ರಾವ ಅಲ್ಪ, ಹೆಪ್ಪಿನ ಅಪಾಯವೂ ಕಡಿಮೆ ಎಂಬ ಸುಳಿವಿನಿಂದ ಅದನ್ನು ತಡೆಯುವ ಔಷಧಿಗಳು ತಯಾರಾಗುತ್ತಿವೆ. ಅಸುಂಡೆಕ್ಸಿಯಾನ್ ಎಂಬ ಔಷಧಿಯ ದೊಡ್ಡ ಪ್ರಯೋಗವೊಂದು, ಹೃದಯದ ಲಯ ತಪ್ಪಿದವರಲ್ಲಿ ಈಗಿನ ಔಷಧಿಯಷ್ಟು ಕೆಲಸ ಮಾಡಲಿಲ್ಲವೆಂದು 2023ರ ನವೆಂಬರಿನಲ್ಲಿ ನಿಂತಿತು. ಈ ಗುಂಪಿನ ಬೇರೆ ಔಷಧಿಗಳ ಮೇಲೆ ಕೆಲಸ ನಡೆದೇ ಇದೆ.