ಗೇಮ್‌ಗೆ ಹಾಕುವ ಬೀಗ: ಮೊದಲ ಹನ್ನೆರಡು ವಾರದ ಲೆಕ್ಕ

ಕಂಪ್ಯೂಟರ್ ಗೇಮ್ ಒಂದನ್ನು ಯಾರೂ ಯಾವತ್ತೂ ಕಾಪಿ ಮಾಡದಂತೆ ಕಾಯುವುದು ಆಗದ ಕೆಲಸ. ಇದು ಗೇಮ್ ಕಂಪನಿಗಳಿಗೂ ಚೆನ್ನಾಗಿ ಗೊತ್ತು. ಗುಟ್ಟಿನ ಸಂದೇಶ ಕಳಿಸುವಾಗ ನಂಬಿಗಸ್ತರಾದ ಇಬ್ಬರು ತಮ್ಮ ನಡುವೆ ಕೀಲಿ ಹಂಚಿಕೊಂಡಿರುತ್ತಾರೆ, ಮೂರನೆಯವನ ಕೈಗೆ ಅದು ಸಿಗದಂತೆ ನೋಡಿಕೊಂಡರೆ ಸಾಕು. ಗೇಮ್ ವಿಷಯದಲ್ಲಿ ಆ ಮೂರನೆಯವನೇ ಗಿರಾಕಿ. ದುಡ್ಡು ಕೊಟ್ಟವನೂ ಅವನೇ, ಅನುಮಾನಕ್ಕೆ ಗುರಿಯಾದವನೂ ಅವನೇ. ಗೇಮ್ ಅವನ ಕಂಪ್ಯೂಟರ್‌ನಲ್ಲಿ ಓಡಬೇಕು ಅಂದರೆ ಕಾಪಿ ತಡೆಯಲು ಹಾಕಿದ ಬೀಗದ ಜೊತೆ ಕೀಲಿಯನ್ನೂ ಅವನಿಗೆ ಕೊಡಲೇಬೇಕು. ಪ್ರೊಸೆಸರ್ ಕಣ್ಣಿಗೆ ಬಿದ್ದ ಪ್ರತಿಯೊಂದು ಸೂಚನೆಯನ್ನೂ ತಾಳ್ಮೆ ಇರುವ ಮನುಷ್ಯ ಕೂತು ನೋಡಬಲ್ಲ. ಹಾಗೆ ನೋಡುವವನು ಇಡೀ ಜಗತ್ತಿನಲ್ಲಿ ಒಬ್ಬ ಇದ್ದರೂ ಸಾಕು. ಅವನು ಒಮ್ಮೆ ಮುರಿದದ್ದು ಎಲ್ಲರಿಗೂ ಡೌನ್‌ಲೋಡ್‌ಗೆ ಸಿಗುತ್ತದೆ.

ಹಾಗಾದರೆ ಇಂಥ ಬೀಗಗಳಿಗೆ ಕಂಪನಿಗಳು ಸುಮ್ನೆ ದುಡ್ಡು ಸುರಿಯುತ್ತಿವೆಯಾ? ಅದೂ ಅಲ್ಲ. ಅವು ಕೊಳ್ಳುತ್ತಿರುವುದು ಭದ್ರತೆಯನ್ನಲ್ಲ, ಸಮಯವನ್ನು. ದೊಡ್ಡ ಗೇಮ್ ಬಿಡುಗಡೆಯಾದ ಮೊದಲ ಕೆಲವು ವಾರಗಳಲ್ಲೇ ಭರ್ಜರಿಯಾಗಿ ಬಿಕರಿಯಾಗುತ್ತದೆ, ಆಮೇಲೆ ಬೆಲೆಯೂ ಇಳಿಯುತ್ತದೆ, ಕುತೂಹಲವೂ ಇಳಿಯುತ್ತದೆ. ಆ ಕೆಲವು ವಾರ ಬೀಗ ಮುರಿಯದೆ ನಿಂತರೆ ಅದರ ಕೆಲಸ ಮುಗಿದಂತೆ. ಬೀಗ ಬೇಕೋ ಬೇಡವೋ ಎಂದು ಜಗಳ ಆಡುವವರು ಹೆಚ್ಚಾಗಿ ಈ ಗಡಿಯಾರವನ್ನೇ ಮರೆಯುತ್ತಾರೆ.

ಈ ಸಮಯದ ಆಟವನ್ನು ತುಂಬ ಚೆನ್ನಾಗಿ ಆಡಿದ ಹಳೆಯ ಗೇಮ್ ಒಂದಿದೆ. 1987ರಲ್ಲಿ ಅಟಾರಿ ಎಸ್‌ಟಿ ಕಂಪ್ಯೂಟರ್‌ಗೆ ಬಂದ ಡಂಜನ್ ಮಾಸ್ಟರ್. ಫ್ಲಾಪಿ ಕಾಲದ ಬುದ್ಧಿವಂತಿಕೆಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಇದೇ. ಫ್ಲಾಪಿಯ ಮೇಲೆ ಮಾಹಿತಿ ಕೂರುವುದು ಕಾಂತೀಯ ಗುರುತುಗಳಾಗಿ. ಒಂದು ಗುರುತು ದಾಟಿ ಇನ್ನೊಂದು ಬರಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಅಳೆದು ಡ್ರೈವ್ ಅದನ್ನು 0 ಅಥವಾ 1 ಎಂದು ತೀರ್ಮಾನಿಸುತ್ತದೆ. ಈ ಗೇಮ್ ಮಾಡಿದವರು ಕೆಲವು ಗುರುತುಗಳನ್ನು ಬೇಕೆಂದೇ ಎರಡರ ನಡುವಿನ ಗೆರೆಯ ಮೇಲೆ ಕೂರಿಸಿದರು. ಫ್ಲಾಪಿ ತಿರುಗುವ ವೇಗ ಕೂದಲೆಳೆಯಷ್ಟು ಹೆಚ್ಚುಕಡಿಮೆ ಆದರೂ ಸಾಕು, ಅದೇ ಗುರುತು ಒಮ್ಮೆ 0 ಅನ್ನುತ್ತದೆ, ಇನ್ನೊಮ್ಮೆ 1 ಅನ್ನುತ್ತದೆ.

ಈಗ ಇದನ್ನು ಮನೆಯ ಡ್ರೈವ್‌ನಲ್ಲಿ ಕಾಪಿ ಮಾಡಿ ನೋಡಿ. ಡ್ರೈವ್ ಓದುವಾಗ ಏನು ಕಂಡಿತೋ ಅದನ್ನು ಬರೆಯುತ್ತದೆ, ಅದೂ ಸ್ಪಷ್ಟವಾದ 0 ಅಥವಾ ಸ್ಪಷ್ಟವಾದ 1 ಆಗಿ. ಹಾಗೆ ಅಳ್ಳಾಡುವ ಗುರುತು ಬರೆಯುವುದು ಅದಕ್ಕೆ ಬಾರದು. ಗೇಮ್ ಆ ಜಾಗವನ್ನು ಮತ್ತೆ ಮತ್ತೆ ಓದುತ್ತದೆ. ಪ್ರತಿ ಸಲ ಬೇರೆ ಬೇರೆ ಉತ್ತರ ಬಂದರೆ ಅಸಲಿ, ಒಂದೇ ಉತ್ತರ ಬಂದರೆ ನಕಲಿ! ತಪ್ಪಿಲ್ಲದೆ ಓದಿಸಿಕೊಳ್ಳುವ ಫ್ಲಾಪಿಯೇ ಸಿಕ್ಕಿಬೀಳುವುದು. ಈ ಪರೀಕ್ಷೆಯನ್ನು ಅವರು ಶುರುವಿನಲ್ಲಿ ಒಂದು ಕಡೆ ಇಟ್ಟು ಸುಮ್ಮನಾಗಲಿಲ್ಲ, ಗೇಮ್‌ನ ಒಳಗೆ ಅಲ್ಲಲ್ಲಿ ಹರಡಿಟ್ಟರು. ಮೊದಲ ಪರೀಕ್ಷೆ ಕಿತ್ತುಹಾಕಿ ಗೆದ್ದೆ ಎಂದುಕೊಂಡವನಿಗೆ ಎಷ್ಟೋ ಹೊತ್ತಿನ ಮೇಲೆ ಮುಂದಿನದು ಎದುರಾಗುತ್ತಿತ್ತು.

ಅದೇ ಕಾಲದ ಬೇರೆ ಉಪಾಯಗಳು ಇಷ್ಟು ಗಟ್ಟಿ ಇರಲಿಲ್ಲ. ಕೈಪಿಡಿಯ ಇಂತಿಂಥ ಪುಟದ ಇಂತಿಂಥ ಪದ ಟೈಪ್ ಮಾಡಿ ಅನ್ನುವುದು, ರಟ್ಟಿನ ಚಕ್ರ ತಿರುಗಿಸಿ ಸಂಖ್ಯೆ ಹುಡುಕಿಸುವುದು, ಜೆರಾಕ್ಸ್ ಆಗದಂತೆ ಕಡುಗೆಂಪು ಕಾಗದದ ಮೇಲೆ ಕಪ್ಪು ಅಕ್ಷರ ಅಚ್ಚು ಹಾಕುವುದು. ಮಂಕಿ ಐಲೆಂಡ್‌ನ ಚಕ್ರವನ್ನು ಈಗಲೂ ಜನ ಪ್ರೀತಿಯಿಂದ ನೆನೆಯುತ್ತಾರೆ, ಅದರಲ್ಲಿ ಕಡಲ್ಗಳ್ಳರ ಮುಖಗಳನ್ನು ಜೋಡಿಸಬೇಕಿತ್ತು. ಕಾಪಿ ತಡೆಯುವ ಸಾಧನವೊಂದು ಮುದ್ದಾಗಿ ಕಂಡದ್ದು ಅಪರೂಪ ಬಿಡಿ.

ಡಂಜನ್ ಮಾಸ್ಟರ್‌ನ ಪಾಠವನ್ನು ಇನ್ನೂ ಮುಂದಕ್ಕೆ ಒಯ್ದದ್ದು 2000ದಲ್ಲಿ ಪ್ಲೇಸ್ಟೇಷನ್‌ಗೆ ಬಂದ ಸ್ಪೈರೊ: ಇಯರ್ ಆಫ್ ದ ಡ್ರ್ಯಾಗನ್. ಇದರ ಹಿಂದಿನ ಭಾಗ ಬಿಡುಗಡೆಯಾಗಿ ಒಂದು ವಾರದ ಮೇಲೆ ಸ್ವಲ್ಪ ದಿನಕ್ಕೇ ಕ್ರ್ಯಾಕ್ ಆಗಿತ್ತು, ಅಂದರೆ ಬೀಗ ಮುರಿದ ಪ್ರತಿ ಹೊರಬಂದಿತ್ತು. ಈ ಸಲ ತಂಡದವರು ಯೋಚನೆಯನ್ನೇ ಬದಲಿಸಿದರು. ಕ್ರ್ಯಾಕ್ ಮಾಡುವವನಿಗೆ ಕಷ್ಟದ ಕೆಲಸ ಬೀಗ ಮುರಿಯುವುದಲ್ಲ, ಪೂರ್ತಿ ಮುರಿದೆ ಎಂದು ಖಾತ್ರಿ ಮಾಡಿಕೊಳ್ಳುವುದು. ಅಲ್ಲೇ ಅವನಿಗೆ ಕೈಕೊಟ್ಟರು. ಗೇಮ್‌ನ ತುಣುಕುಗಳು ಒಂದನ್ನೊಂದು ಲೆಕ್ಕ ಹಾಕಿ ಕಾಯುವಂತೆ ಹೆಣೆದರು, ಯಾವುದೋ ಒಂದು ಬದಲಾದರೂ ಇನ್ನೊಂದಕ್ಕೆ ಗೊತ್ತಾಗುತ್ತಿತ್ತು. ಆದರೂ ಗೇಮ್ ಅಲ್ಲೇ ನಿಲ್ಲುತ್ತಿರಲಿಲ್ಲ. ಚೆನ್ನಾಗಿಯೇ ಓಡುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ಕೂಡಿಟ್ಟ ರತ್ನಗಳು ಮಾಯ. ಇನ್ನೂ ಸ್ವಲ್ಪ ಆದಮೇಲೆ ಭಾಷೆ ತಾನಾಗಿ ಬದಲಾಗುವುದು. ಎಲ್ಲ ತಡೆದುಕೊಂಡು ಕೊನೆಯ ಕಾಳಗಕ್ಕೆ ಬಂದರೆ ಸೇವ್ ಮಾಡಿದ್ದೆಲ್ಲ ಅಳಿಸಿಹೋಗುವುದು. ಹೀಗಾಗಿ ಪ್ರತಿ ಪ್ರಯತ್ನಕ್ಕೂ ಇಡೀ ಗೇಮ್ ಆಡಿ ಮುಗಿಸಬೇಕಾಯಿತು. ಸರಿಯಾದ ಕ್ರ್ಯಾಕ್ ಬರಲು ಎರಡು ತಿಂಗಳ ಮೇಲೆ ಹಿಡಿಯಿತು. ತಂಡದವರಿಗೆ ಬೇಕಿದ್ದದ್ದೂ ಅಷ್ಟೇ.

ಈ ಜಾಣತನಕ್ಕೆ ಒಂದು ತಿರುಗುಬಾಣವೂ ಇದೆ. 2006ರ ಟೈಟನ್ ಕ್ವೆಸ್ಟ್‌ನಲ್ಲಿ ಕ್ರ್ಯಾಕ್ ಆದ ಪ್ರತಿ ನಡುವೆ ಎಲ್ಲೋ ಪರೀಕ್ಷೆಗೆ ಸಿಕ್ಕಿ ದಿಢೀರನೆ ಮುಚ್ಚಿಕೊಳ್ಳುತ್ತಿತ್ತು. ಕದ್ದು ಆಡುತ್ತಿದ್ದವರಿಗೆ ಇದು ಬೀಗದ ಕೆಲಸ ಎಂದು ಹೇಗೆ ಗೊತ್ತಾಗಬೇಕು? ಗೇಮ್ ಸರಿ ಇಲ್ಲ, ಪದೇಪದೇ ಕ್ರ್ಯಾಶ್ ಆಗುತ್ತದೆ ಎಂದು ಊರೆಲ್ಲ ಸಾರಿದರು. ಕೊಳ್ಳಬೇಕು ಎಂದಿದ್ದವರೂ ಅದನ್ನೇ ಕೇಳಿಸಿಕೊಂಡರು.

ಸರಿ, ಸಮಯ ಕೊಂಡರೆ ನಿಜವಾಗಲೂ ದುಡ್ಡು ಬರುತ್ತದಾ? ಇಲ್ಲಿ ಅಂಕಿಗಳ ಜಾತ್ರೆಯೇ ಇದೆ. ಹೆಚ್ಚಿನವನ್ನು ನಂಬಬೇಕಿಲ್ಲ. 2013ರಲ್ಲಿ ಗೇಮ್ ಡೆವ್ ಟೈಕೂನ್ ಎಂಬ ಗೇಮ್ ಮಾಡಿದ ಅಣ್ಣತಮ್ಮಂದಿರು ಬಿಡುಗಡೆಯ ದಿನವೇ ಅದರ ಕ್ರ್ಯಾಕ್ ಪ್ರತಿಯನ್ನು ತಾವೇ ಇಂಟರ್ನೆಟ್‌ಗೆ ಬಿಟ್ಟರು. ಇದು ಗೇಮ್ ಕಂಪನಿ ನಡೆಸುವ ಆಟ. ಕದ್ದ ಪ್ರತಿಯಲ್ಲಿ ಮಾತ್ರ ನಿಮ್ಮ ಕಂಪನಿಯ ಗೇಮ್‌ಗಳನ್ನು ಎಲ್ಲರೂ ಕದ್ದು ಕಂಪನಿ ದಿವಾಳಿ ಆಗುತ್ತದೆ. ಮೊದಲ ದಿನ ಅಸಲಿ ಪ್ರತಿ ಆಡಿದವರು 214 ಜನ, ಕದ್ದ ಪ್ರತಿ ಆಡಿದವರು 3,104. ಅಂದರೆ ನೂರಕ್ಕೆ 93ಕ್ಕೂ ಜಾಸ್ತಿ ಜನ ಕಾಸು ಕೊಟ್ಟಿರಲಿಲ್ಲ. ಅವರಲ್ಲಿ ಕೆಲವರು ಬಂದು, ಆಟದಲ್ಲಿ ಕಾಪಿ ತಡೆಯುವ ತಂತ್ರಜ್ಞಾನ ಕಂಡುಹಿಡಿಯಲು ದಾರಿ ಇದೆಯಾ ಎಂದು ಕೇಳಿದ್ದು ಬೇರೆ.

ಕೇಳಲು ಮಜವಾಗಿದೆ, ಆದರೆ ಈ 3,104 ಜನರಲ್ಲಿ ಬೀಗ ಇದ್ದಿದ್ದರೆ ಎಷ್ಟು ಮಂದಿ ಕೊಳ್ಳುತ್ತಿದ್ದರು ಎಂಬುದನ್ನು ಅದು ಹೇಳುವುದೇ ಇಲ್ಲ. ಪುಕ್ಕಟೆ ಸಿಕ್ಕರೆ ಆಡುವವನು ಸಿಗದಿದ್ದರೆ ಸುಮ್ಮನೆ ಇನ್ನೇನೋ ಆಡುತ್ತಾನೆ. ಸಣ್ಣ ಗೇಮ್‌ಗಳನ್ನು ಮಾರುತ್ತಿದ್ದ ರಿಫ್ಲೆಕ್ಸಿವ್ ಎಂಬ ಕಂಪನಿ 2008ರಲ್ಲಿ ತನ್ನದೇ ಬೀಗಗಳನ್ನು ಬಿಗಿ ಮಾಡಿ ಮುಂಚೆ ಎಷ್ಟು ಮಾರಾಟ, ಆಮೇಲೆ ಎಷ್ಟು ಎಂದು ತಾಳೆ ನೋಡಿತ್ತು. ಅವರ ಅಂದಾಜಿನಲ್ಲಿ ಸಾವಿರ ಕಾಪಿ ತಡೆದರೆ ಹೆಚ್ಚಾದ ಮಾರಾಟ ಒಂದು.

ಯುರೋಪಿಯನ್ ಕಮಿಷನ್ ಮಾಡಿಸಿದ ದೊಡ್ಡ ಅಧ್ಯಯನವೂ ಇದೆ. ಆರು ದೇಶಗಳ ಸುಮಾರು 30,000 ಜನರನ್ನು ಕೇಳಿ 2015ರಲ್ಲಿ ತಯಾರಾದ ವರದಿ 2017ರವರೆಗೆ ಹೊರಗೆ ಬಂದಿರಲಿಲ್ಲ. ಹೊಸ ದೊಡ್ಡ ಸಿನಿಮಾಗಳಿಗೆ ಪೈರಸಿಯಿಂದ ನಷ್ಟ ಆಗುತ್ತಿರುವುದು ಅದರಲ್ಲಿ ಕಂಡಿತ್ತು. ಗೇಮ್‌ಗಳಿಗೆ ಅಂಥ ನಷ್ಟದ ಗಟ್ಟಿ ಪುರಾವೆ ಸಿಕ್ಕಿರಲಿಲ್ಲ.

ಇದಕ್ಕೆ ಉಲ್ಟಾ ಹೊಡೆಯುವಂತೆ 2024ರಲ್ಲಿ ಇನ್ನೊಂದು ಅಧ್ಯಯನ ಬಂತು. ನನ್ನ ಪ್ರಕಾರ ಈ ವಿಷಯದಲ್ಲಿ ಬಂದ ಅತ್ಯಂತ ಉಪಯೋಗದ ಕೆಲಸ ಇದು. ಡೆನುವೊ ಎಂಬ ಬೀಗ ಹಾಕಿದ ಗೇಮ್‌ಗಳನ್ನಷ್ಟೇ ಇದು ತೆಗೆದುಕೊಂಡಿತು. ಕ್ರ್ಯಾಕ್ ಯಾವಾಗ ಬರುತ್ತದೆ ಎಂಬುದು ಕಂಪನಿಯ ಕೈಯಲ್ಲಿಲ್ಲ. ಒಂದು ಗೇಮ್‌ಗೆ ವಾರದೊಳಗೆ ಬರುತ್ತದೆ, ಇನ್ನೊಂದಕ್ಕೆ ತಿಂಗಳುಗಟ್ಟಲೆ ಬರುವುದಿಲ್ಲ. ಹಾಗಾಗಿ ಕ್ರ್ಯಾಕ್ ಬಂದ ವಾರದಿಂದ ಮಾರಾಟ ಎಷ್ಟು ಕುಸಿಯಿತು ಎಂದು ಅಳೆದರೆ, ಯಾರೋ ಬೇಕೆಂದೇ ಪ್ರಯೋಗ ನಡೆಸಿದಂತೆಯೇ ಆಗುತ್ತದೆ. ಬಂದ ಉತ್ತರ: ಮೊದಲ ವಾರದಲ್ಲೇ ಕ್ರ್ಯಾಕ್ ಆದರೆ ಒಟ್ಟು ಆದಾಯದಲ್ಲಿ ಸುಮಾರು ಶೇ. 20 ನಷ್ಟ. ತಡವಾದಷ್ಟೂ ನಷ್ಟ ಕಡಿಮೆ. 12 ವಾರ ದಾಟಿದ ಮೇಲೆ ಕ್ರ್ಯಾಕ್ ಆದರೆ ಹೆಚ್ಚುಕಡಿಮೆ ಏನೂ ಇಲ್ಲ.

ಹಿಂದಿನ ಅಧ್ಯಯನಕ್ಕೂ ಇದಕ್ಕೂ ಜಗಳ ಇದೆ ಅನ್ನಿಸಬಹುದು. ನನಗೆ ಹಾಗೆ ಕಾಣುವುದಿಲ್ಲ. ಅದು ಹಳೆಯದು ಹೊಸದು ಅನ್ನದೆ ಜನ ಆಡಿದ ಎಲ್ಲವನ್ನೂ ಒಂದೇ ರಾಶಿಗೆ ಹಾಕಿತ್ತು. ಇದು ದೊಡ್ಡ ಗೇಮ್‌ಗಳನ್ನು, ವಾರ ವಾರವಾಗಿ ನೋಡಿತು. ಶೇ. 20 ಅನ್ನುವುದು ಸಣ್ಣ ಮಾತಲ್ಲ, ಒಂದು ತಂಡ ಉಳಿಯುವುದು ಮುಚ್ಚುವುದು ಅದರಲ್ಲೇ ತೀರ್ಮಾನ ಆಗಬಹುದು. ಬೀಗ ಅನ್ನುವುದೇ ಮೋಸ ಎನ್ನುವವರು ಈ ಅಂಕಿಯನ್ನು ಎದುರಿಸಲೇಬೇಕು. ಹಾಗೇ, ಹದಿಮೂರನೆಯ ವಾರದಿಂದ ಬೀಗ ಯಾರನ್ನು ಕಾಯುತ್ತಿದೆ ಎಂಬುದನ್ನು ಕಂಪನಿಗಳು ಹೇಳಬೇಕು.

ಏಕೆಂದರೆ ಬೀಗದ ತೊಂದರೆ ತಾಗುವುದು ದುಡ್ಡು ಕೊಟ್ಟವನಿಗೆ ಮಾತ್ರ. ಕದ್ದವನ ಪ್ರತಿಯಲ್ಲಿ ಅದು ಆಗಲೇ ಮುರಿದಿರುತ್ತದೆ. 2008ರಲ್ಲಿ ಸ್ಪೋರ್ ಬಂದಾಗ ಕೊಂಡವರು ಮೂರೇ ಸಲ ಅದನ್ನು ಆ್ಯಕ್ಟಿವೇಟ್ ಮಾಡಿಕೊಳ್ಳಬಹುದಿತ್ತು. ಸಿಟ್ಟಾದ ಜನ ಅಮೆಜಾನ್‌ನಲ್ಲಿ ಒಂದು ಸ್ಟಾರ್‌ನ ಮಳೆ ಸುರಿಸಿದರು. ಆ ವರ್ಷ ಅತಿ ಹೆಚ್ಚು ಕಳುವಾದ ಗೇಮ್ ಕೂಡ ಅದೇ. 2010ರಲ್ಲಿ ಯೂಬಿಸಾಫ್ಟ್ ಕಂಪನಿ, ಒಬ್ಬರೇ ಆಡುವ ಅಸಾಸಿನ್ಸ್ ಕ್ರೀಡ್ 2ಕ್ಕೂ ಸದಾ ಇಂಟರ್ನೆಟ್ ಇರಲೇಬೇಕು ಎಂದಿತು. ಮಾರ್ಚ್‌ನಲ್ಲಿ ಅದರ ಸರ್ವರ್‌ಗಳ ಮೇಲೆ ದಾಳಿ ಆಯಿತು, ಕಾಸು ಕೊಟ್ಟವರು ಆಡಲಾಗದೆ ಕೂತರು. 2021ರ ರೆಸಿಡೆಂಟ್ ಈವಿಲ್ ವಿಲೇಜ್ ಕಥೆ ಇನ್ನೂ ಚೆಂದ. ಅಸಲಿ ಪ್ರತಿಯಲ್ಲಿ ಶತ್ರುವನ್ನು ಹೊಡೆಯುವ ಹೊತ್ತಿಗೆ ಸರಿಯಾಗಿ ಚಿತ್ರ ತಡವರಿಸುತ್ತಿತ್ತು. ಕ್ರ್ಯಾಕ್ ಆದ ಪ್ರತಿ ನುಣ್ಣಗೆ ಓಡುತ್ತಿತ್ತು! ಆಮೇಲೆ ಆ ಗೇಮ್‌ನ ಕಂಪನಿ ಕ್ಯಾಪ್‌ಕಾಮ್ ತಾನೇ ಕಾಪಿ ತಡೆಯುವ ಭಾಗವನ್ನು ತಿದ್ದಿ ಅಪ್‌ಡೇಟ್ ಬಿಟ್ಟಿತು.

ಹೀಗಾಗುವುದಕ್ಕೆ ಕಾರಣ ಇದೆ. ಈ ಬಗೆಯ ಬೀಗಗಳು ಗೇಮ್‌ನ ಕೆಲವು ಭಾಗಗಳನ್ನು ತಾವೇ ಕಟ್ಟಿದ ಒಂದು ನಕಲಿ ಪ್ರೊಸೆಸರ್‌ನ ಭಾಷೆಗೆ ಬದಲಿಸಿಬಿಡುತ್ತವೆ. ನೋಡುವವನಿಗೆ ತಲೆಬುಡ ತಿಳಿಯಬಾರದು ಎಂದೇ ಹಾಗೆ ಮಾಡುವುದು. ಆದರೆ ನೇರವಾಗಿ ಒಂದೇ ಹೆಜ್ಜೆಯಲ್ಲಿ ಆಗುತ್ತಿದ್ದ ಕೆಲಸಕ್ಕೆ ಈಗ ಹತ್ತಾರು ಹೆಜ್ಜೆ ಬೇಕು. ಅಪರೂಪಕ್ಕೆ ಬರುವ ಮೆನುವಿನಂಥ ಕಡೆ ಇಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಸೆಕೆಂಡಿಗೆ ಅರವತ್ತು ಸಲ ಓಡುವ ಕಡೆ ಇಟ್ಟರೆ ಆಟ ಮುಗ್ಗರಿಸುತ್ತದೆ.

ಆಟವೇ ಕಂಪನಿಯ ಸರ್ವರ್‌ನಲ್ಲಿ ನಡೆಯುವ ಮಲ್ಟಿಪ್ಲೇಯರ್ ಗೇಮ್‌ಗಳಿಗೆ ಈ ಚರ್ಚೆ ಬೇಕಿಲ್ಲ. ಅಲ್ಲಿ ಕದಿಯಲು ಮುಖ್ಯ ಭಾಗ ನಿಮ್ಮ ಕೈಗೆ ಬಂದಿರುವುದೇ ಇಲ್ಲ. ಬೀಗವನ್ನೇ ಹಾಕದೆ ಗೆದ್ದವರೂ ಇದ್ದಾರೆ. 2015ರ ದ ವಿಚರ್ 3 ಬೀಗ ಇಲ್ಲದ ಗೇಮ್‌ಗಳ ಅಂಗಡಿ ಜಿಒಜಿಯಲ್ಲಿ ಬಿಡುಗಡೆಯ ದಿನವೇ ಸಿಕ್ಕಿತು, ಈವರೆಗೆ ಐದು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಗಿದೆ. ಇದನ್ನೇ ತೋರಿಸಿ ಎಲ್ಲರೂ ಹಾಗೇ ಮಾಡಲಿ ಅನ್ನುವುದು ಮಾತ್ರ ಸರಿಯಲ್ಲ. ಅಷ್ಟು ಪ್ರೀತಿ ಎಲ್ಲ ಗೇಮ್‌ಗೂ ಸಿಗುವುದಿಲ್ಲ, ಅಲ್ವಾ?

ನನಗೆ ಒಪ್ಪಿಗೆಯಾಗುವುದು ಅವಧಿ ಇರುವ ಬೀಗ. 2016ರ ಮೇ ತಿಂಗಳಲ್ಲಿ ಬಂದ ಡೂಮ್‌ನಿಂದ ಡೆನುವೊವನ್ನು ಅದೇ ವರ್ಷದ ಡಿಸೆಂಬರ್‌ನಲ್ಲಿ ತೆಗೆದರು. ಹೀಗೆ ತೆಗೆಯುವ ಕಂಪನಿಗಳು ಇನ್ನೂ ಇವೆ. ತೆಗೆಯದೆ ವರ್ಷಗಟ್ಟಲೆ ಬಿಡುವವೂ ಇವೆ. ಇನ್ನು 2024ರ ಜನವರಿಯಲ್ಲಿ ಕ್ಯಾಪ್‌ಕಾಮ್, ಪಿಸಿಗೆ ಬಂದು ಹತ್ತು ವರ್ಷ ದಾಟಿದ್ದ ರೆಸಿಡೆಂಟ್ ಈವಿಲ್ ರೆವೆಲೇಷನ್ಸ್‌ಗೆ ಹೊಸದಾಗಿ ಒಂದು ಬೀಗ ಸೇರಿಸಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಕೊಂಡವರ ಗೇಮ್ ಕೆಟ್ಟಿತು, ದೂರುಗಳು ಬಂದವು, ಅಪ್‌ಡೇಟ್ ವಾಪಸ್ ಪಡೆಯಬೇಕಾಯಿತು.

ಬೀಗ ತೆಗೆಯದೆ ಬಿಟ್ಟರೆ ಕೊನೆಗೆ ಅದು ಗೇಮ್‌ಗಿಂತ ಮೊದಲು ಸಾಯುತ್ತದೆ. ಸಿಡಿ ಕಾಲದ ಸೇಫ್‌ಡಿಸ್ಕ್ ಎಂಬ ಬೀಗ ವಿಂಡೋಸ್‌ನ ಒಳಗೇ ಒಂದು ಡ್ರೈವರ್ (ವಿಂಡೋಸ್ ಜೊತೆ ಸೇರಿ ಓಡುವ ಸಣ್ಣ ಪ್ರೋಗ್ರಾಂ) ಇಟ್ಟುಕೊಂಡಿತ್ತು. ಅದರಲ್ಲಿ ಭದ್ರತೆಯ ದೋಷ ಕಂಡುಬಂದಿತ್ತು. 2015ರಲ್ಲಿ ವಿಂಡೋಸ್ 10 ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಅಸಲಿ ಸಿಡಿ ಇಟ್ಟುಕೊಂಡವರ ಎಷ್ಟೋ ಗೇಮ್‌ಗಳು ತೆರೆಯುವುದೇ ನಿಂತುಹೋಯಿತು. ಕಂಪನಿಗಳಿಗೂ ಈ ಬಿಸಿ ತಟ್ಟಿದೆ. 2008ರಲ್ಲಿ ಯೂಬಿಸಾಫ್ಟ್‌ನ ರೇನ್‌ಬೋ ಸಿಕ್ಸ್ ವೇಗಸ್ 2 ಡೌನ್‌ಲೋಡ್ ಮಾಡಿ ಕೊಂಡವರ ಪ್ರತಿ ಸಿಡಿ ಎಲ್ಲಿ ಎಂದು ಕೇಳತೊಡಗಿತು. ಕಂಪನಿ ಕಡೆಯಿಂದ ಬಂದ ಪರಿಹಾರದ ಫೈಲ್ ತೆರೆದು ನೋಡಿದರೆ ಒಳಗೆ ಕ್ರ್ಯಾಕರ್‌ಗಳ ಗುಂಪೊಂದರ ಹೆಸರು ಸಿಕ್ಕಿತು. ಅವರು ಮಾಡಿದ ಕ್ರ್ಯಾಕನ್ನೇ ಕಂಪನಿ ಗಿರಾಕಿಗಳಿಗೆ ಹಂಚಿತ್ತು.

ಕಾನೂನು ಈ ಸಮಸ್ಯೆಯನ್ನು ಅರ್ಧ ಮಾತ್ರ ಒಪ್ಪಿಕೊಂಡಿದೆ. ಅಮೆರಿಕದಲ್ಲಿ ಇಂಥ ಬೀಗ ಮುರಿಯುವುದು 1998ರ ಕಾಯ್ದೆಯ ಪ್ರಕಾರ ಕಾನೂನುಬಾಹಿರ. 2015ರಲ್ಲಿ ಅಲ್ಲಿ ಒಂದು ವಿನಾಯಿತಿ ಕೊಟ್ಟರು: ಅಸಲಿ ಹೌದೋ ಅಲ್ಲವೋ ಎಂದು ಪರೀಕ್ಷಿಸುವ ಸರ್ವರನ್ನು ಕಂಪನಿಯೇ ಮುಚ್ಚಿಬಿಟ್ಟಿದ್ದರೆ, ಕೊಂಡವರು ತಮ್ಮ ಪ್ರತಿಯ ಬೀಗ ಮುರಿದು ತಮ್ಮಲ್ಲೇ ಆಡಿಕೊಳ್ಳಬಹುದು. ಮುರಿಯುವ ಸಾಧನವನ್ನು ಇನ್ನೊಬ್ಬರಿಗೆ ಹಂಚಲು ಮಾತ್ರ ಆ ವಿನಾಯಿತಿ ಅನ್ವಯಿಸುವುದಿಲ್ಲ. ಅಂದರೆ ಕಾಸು ಕೊಟ್ಟು ಕೊಂಡ ಪ್ರತಿಯೊಬ್ಬರೂ ತಮ್ಮ ಕ್ರ್ಯಾಕ್ ತಾವೇ ಬರೆದುಕೊಳ್ಳಬೇಕು.