ವ್ಯಾಯಾಮದಿಂದ ಬಿ.ಪಿ. ಇಳಿಯುವುದು ಹೇಗೆ? ನಾಡಿಯ ಲೆಕ್ಕದಲ್ಲಿ ನಾನು ಎಡವಿದ ಜಾಗ

ನಾಳಿದ್ದು ನಮಗೆ ಆಂತರಿಕ ಪರೀಕ್ಷೆ. ರಕ್ತದೊತ್ತಡದ ಪಾಠದಲ್ಲಿ ಎರಡು ದಿನ ನನ್ನನ್ನು ಕಾಡಿದ್ದು ಒಂದೇ ಹೆಜ್ಜೆ. ಸೂತ್ರ ಎಲ್ಲರಿಗೂ ಗೊತ್ತಿರುವುದೇ: ಹೃದಯ ನಿಮಿಷಕ್ಕೆ ಹೊರದೂಡುವ ರಕ್ತವನ್ನು ರಕ್ತನಾಳಗಳ ಪ್ರತಿರೋಧದಿಂದ ಗುಣಿಸಿದರೆ ಸರಾಸರಿ ಒತ್ತಡ.

ದಿನವೂ ನಡೆಯುವವರ ನಾಡಿ ಕೆಲವು ತಿಂಗಳಲ್ಲಿ ನಿಧಾನವಾಗುತ್ತದೆ. ನಾಡಿ ಇಳಿದರೆ ಹೊರಬೀಳುವ ರಕ್ತ ಕಡಿಮೆ, ಅದರಿಂದಲೇ ಒತ್ತಡವೂ ಕಡಿಮೆ ಎಂದು ಬರೆದುಕೊಂಡಿದ್ದೆ. ಅದು ತಪ್ಪು. ಲೆಕ್ಕ ಹಾಕಿದಾಗಲೇ ತಿಳಿಯಿತು. ಕುಕ್ಕರಹಳ್ಳಿ ಕೆರೆಯ ಸುತ್ತ ನಡೆಯಲು ಹೊಸದಾಗಿ ಬಂದ ಒಬ್ಬರ ನಾಡಿ, ಕುಳಿತಿರುವಾಗ, 80 ಎಂದಿಟ್ಟುಕೊಳ್ಳಿ. ಬಡಿತವೊಂದಕ್ಕೆ 63 ಮಿ.ಲೀ. ರಕ್ತ. ಗುಣಿಸಿದರೆ 5,040 ಮಿ.ಲೀ. ಕೆಲವು ತಿಂಗಳ ನಂತರ ಅವರ ನಾಡಿ 70ಕ್ಕೆ ಬಂತು. ಎರಡು ಬಡಿತಗಳ ನಡುವೆ ಬಿಡುವು ಹೆಚ್ಚಿದ್ದರಿಂದ ಹೃದಯ ಚೆನ್ನಾಗಿ ತುಂಬಿಕೊಂಡು ಬಡಿತಕ್ಕೆ 72 ಮಿ.ಲೀ. ದೂಡುತ್ತದೆ. ಮತ್ತೆ 5,040! ಅಂದರೆ ವಿಶ್ರಾಂತಿಯಲ್ಲಿ ಹೊರಬೀಳುವ ರಕ್ತ ಹೆಚ್ಚುಕಡಿಮೆ ಮೊದಲಿನಷ್ಟೇ. ಇಳಿದದ್ದು ಸೂತ್ರದ ಇನ್ನೊಂದು ಭಾಗ, ಪ್ರತಿರೋಧ.

ನನಗೆ ಇಡೀ ಪಾಠದಲ್ಲಿ ಅತಿ ಸುಂದರವೆನಿಸಿದ್ದು ಇದರ ಮುಂದಿನ ಮಾತು. ಪ್ರತಿರೋಧವು ನಾಳದ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆ. ತ್ರಿಜ್ಯ ಶೇ. 5ರಷ್ಟು ಹಿಗ್ಗಿದರೆ ನಾಲ್ಕು 1.05ಗಳನ್ನು ಒಂದಕ್ಕೊಂದು ಗುಣಿಸಿ: ಸುಮಾರು 1.22. 1ನ್ನು ಅದರಿಂದ ಭಾಗಿಸಿದರೆ ಸುಮಾರು 0.82, ಅಂದರೆ ಪ್ರತಿರೋಧ ಶೇ. 18ರಷ್ಟು ಕುಸಿಯುತ್ತದೆ. ಮಂಡ್ಯದ ನಮ್ಮ ಗದ್ದೆಯಲ್ಲಿ ಅಪ್ಪ ಎರಡು ಇಂಚಿನ ಪೈಪು ತೆಗೆದು ಎರಡೂವರೆ ಇಂಚಿನದು ಹಾಕಿಸಿದಾಗ ಅದೇ ಮೋಟರಿನಲ್ಲಿ ನೀರು ಧಾರಾಳವಾಗಿ ಬಂದದ್ದು ನೆನಪಾಯಿತು. ಕೂದಲೆಳೆಯಷ್ಟು ಹಿಗ್ಗಿದರೂ ಸಾಕು.

ಹಿಗ್ಗಿಸುವವರು ಇಬ್ಬರು. ನಡೆಯುವಾಗ ರಭಸದಿಂದ ಹರಿಯುವ ರಕ್ತ ನಾಳದ ಒಳಪದರವನ್ನು ಸವರಿಕೊಂಡು ಹೋಗುತ್ತದೆ; ಆ ಪದರ ನೈಟ್ರಿಕ್ ಆಕ್ಸೈಡ್ ಬಿಡುಗಡೆ ಮಾಡಿ ನಾಳದ ಗೋಡೆಯ ಸ್ನಾಯುವನ್ನು ಸಡಿಲಿಸುತ್ತದೆ. ಇತ್ತ ನಾಳಗಳನ್ನು ಬಿಗಿಹಿಡಿಯುವ ಸಿಂಪಥೆಟಿಕ್ ನರಗಳ ಒತ್ತಾಯವೂ ತಗ್ಗುತ್ತದೆ.

ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ಬಿ.ಪಿ.ಯ ಮೇಲಿನ ಅಂಕಿ (120/80ರಲ್ಲಿ 120) ಏರುತ್ತದಲ್ಲ ಎಂದು ಗೆಳತಿ ಕೇಳಿದಳು. ಏರುತ್ತದೆ, ಅದು ಆ ಹೊತ್ತಿನದು. ಹತ್ತುವುದು ಮುಗಿದ ಮೇಲೆ ಮೊದಲಿಗಿಂತ ಕೆಳಗಿಳಿದು ಹಲವು ಗಂಟೆ ಹಾಗೆಯೇ ಇರುತ್ತದೆ. ದಿನವೂ ನಡೆಯಿರಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಅಂಕಿಗಳು: ವಾರಕ್ಕೆ 150 ನಿಮಿಷ ಬಿರುಸು ನಡಿಗೆ, ಅಧಿಕ ರಕ್ತದೊತ್ತಡ ಇರುವವರಲ್ಲಿ ಮೇಲಿನ ಅಂಕಿ ಸರಾಸರಿ 5ರಿಂದ 8 ಮಿ.ಮೀ. ಇಳಿಯಬಹುದು. ನಡಿಗೆ ಬಿಟ್ಟರೆ ಈ ಲಾಭ ಕರಗಿಹೋಗುತ್ತದೆ. ಬಿ.ಪಿ. ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಉಸಿರು ಬಿಗಿಹಿಡಿದು ಭಾರ ಎತ್ತಬಾರದು. ಆ ಕ್ಷಣ ಒತ್ತಡ ವಿಪರೀತ ಏರುತ್ತದೆ.

ಅಪ್ಪ ಅಟೆನೊಲಾಲ್ ಎಂಬ ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಾರೆ. ಅದು ನಾಡಿ ಏರದಂತೆ ತಡೆಹಿಡಿಯುವುದರಿಂದ ಅವರ ನಡಿಗೆಯ ವೇಗ ಸಾಕೇ ಎಂಬುದನ್ನು ನಾಡಿ ಎಣಿಸಿ ಅಳೆಯಲಾಗದು. ಹಾಗಾಗಿ ಊರಿಗೆ ಹೋದಾಗ ನಾಲೆಯ ಏರಿ ಮೇಲೆ ಅವರನ್ನು ಮಾತನಾಡಿಸುತ್ತ ನಡೆಸುತ್ತೇನೆ. ಮಾತು ಬರಬೇಕು, ಹಾಡಲು ಉಸಿರು ಸಾಲಬಾರದು. ಅಷ್ಟು ವೇಗ ಸರಿ.