ಅಚ್ಚಿನ ಬಿರುಕಿನಲ್ಲಿ ಸಾಮ್ರಾಜ್ಞಿಯರ ಕತೆ

ಹಳೆಯ ರೋಮನ್ ನಾಣ್ಯ ಕಂಡರೆ ಜನ ಕೇಳುವುದು ಎರಡೇ ಪ್ರಶ್ನೆ: ಆ ರಾಣಿ ನಿಜಕ್ಕೂ ಹೀಗೇ ಇದ್ದಳಾ? ಇದಕ್ಕೀಗ ಎಷ್ಟು ಬೆಲೆ? ಮೊದಲನೆಯದಕ್ಕೆ ಉತ್ತರ, ಬಹುಮಟ್ಟಿಗೆ ಇಲ್ಲ. ಐದನೇ ಶತಮಾನದಲ್ಲಿ ಪೂರ್ವ ರೋಮನ್ ಸಾಮ್ರಾಜ್ಯದ ರಾಜಧಾನಿಯಾಗಿದ್ದ ಕಾನ್‌ಸ್ಟಾಂಟಿನೋಪಲ್‌ನ ಟಂಕಸಾಲೆಯಲ್ಲಿ ಅತ್ತಿಗೆ, ನಾದಿನಿ, ಸೋದರತ್ತೆ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಮೂಗು, ಒಂದೇ ಕಣ್ಣು. ಎರಡನೆಯ ಪ್ರಶ್ನೆಯಲ್ಲಿ ನನಗೆ ಆಸಕ್ತಿಯಿಲ್ಲ. ಯಾರೂ ಕೇಳದ ಮೂರನೆಯದೊಂದು ಇದೆ: ಇಸವಿಯನ್ನೇ ಬರೆಯದ ಈ ನಾಣ್ಯಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ?

ಫೌಸ್ತಾಳ ವಿಷಯದಲ್ಲಿ ಈ ಪ್ರಶ್ನೆಗೆ ಎಷ್ಟು ತೂಕವಿದೆ ನೋಡಿ. ಆಕೆ ಕಾನ್‌ಸ್ಟಂಟೈನ್ ಚಕ್ರವರ್ತಿಯ ಹೆಂಡತಿ. ಕ್ರಿ.ಶ. 324ರ ಹೊತ್ತಿಗೆ ಆಕೆಗೂ ಅತ್ತೆ ಹೆಲೆನಾಗೂ 'ಅಗಸ್ಟಾ', ಅಂದರೆ ಸಾಮ್ರಾಜ್ಞಿ, ಎಂಬ ಬಿರುದು ಬಂತು. ಸೊಸೆಯ ಕಂಚಿನ ನಾಣ್ಯದ ಹಿಂಬದಿಯಲ್ಲಿ ಎರಡು ಕೂಸುಗಳನ್ನು ಎತ್ತಿಕೊಂಡ ತಾಯಿ, ಸುತ್ತ 'ರಾಜ್ಯದ ಭರವಸೆ' ಎಂಬ ಅಕ್ಷರ. ಅತ್ತೆಯದರಲ್ಲಿ ರೆಂಬೆ ಹಿಡಿದು ನಿಂತ ಹೆಣ್ಣು, ಸುತ್ತ 'ರಾಜ್ಯದ ಭದ್ರತೆ'. 326ರಲ್ಲಿ ಕಾನ್‌ಸ್ಟಂಟೈನ್ ತನ್ನ ಹಿರಿಮಗ, ಫೌಸ್ತಾಳ ಮಲಮಗ ಕ್ರಿಸ್ಪಸ್‌ನನ್ನು ಕೊಲ್ಲಿಸಿದ. ಅದೇ ವರ್ಷ ಫೌಸ್ತಾಳೂ ಸತ್ತಳು. ಅತಿಯಾಗಿ ಕಾಯಿಸಿದ ಸ್ನಾನಗೃಹದಲ್ಲಿ ಉಸಿರುಗಟ್ಟಿಸಿದರು ಎಂದು ನಂತರದವರು ಬರೆದರು. ಚಕ್ರವರ್ತಿಯ ಜೀವನ ಚರಿತ್ರೆ ಬರೆದ ಯುಸೀಬಿಯಸ್ ಅದರಲ್ಲಿ ಈ ಸಾವಿನ ಮಾತನ್ನೇ ಎತ್ತಲಿಲ್ಲ. ಆದರೆ ನಾಣ್ಯದ ಬುಡದಲ್ಲಿ ಟಂಕಸಾಲೆಯ ಗುರುತು ಇರುತ್ತದೆ, ಅದರ ಜೊತೆಗೆ ಸರಣಿಯಿಂದ ಸರಣಿಗೆ ಬದಲಾಗುವ ಚುಕ್ಕಿ, ಚಂದ್ರ, ಹಾರ. ಒಂದು ಸರಣಿಯವರೆಗೆ ಅತ್ತೆ-ಸೊಸೆ ಇಬ್ಬರೂ ಇದ್ದಾರೆ. ಮುಂದಿನವುಗಳಲ್ಲಿ ಅತ್ತೆ ಒಬ್ಬಳೇ.

ಇಂಥ ಗುರುತೂ ಇಲ್ಲದಿದ್ದರೆ? ಆಗ ಅಚ್ಚನ್ನೇ ಓದಬೇಕು. ನಾಣ್ಯಶಾಸ್ತ್ರದಲ್ಲಿ ನನಗೆ ಇದಕ್ಕಿಂತ ಪ್ರಿಯವಾದದ್ದು ಇನ್ನೊಂದಿಲ್ಲ. ಮುಖದ ಅಚ್ಚನ್ನು ಸಾಮಾನ್ಯವಾಗಿ ಕೆಳಗೆ, ಅಡಿಗಲ್ಲಿನಲ್ಲಿ ಕೂರಿಸುತ್ತಿದ್ದರು. ಹಿಂಬದಿಯ ಅಚ್ಚು ಮೇಲೆ, ಕೈಯಲ್ಲಿ. ನಡುವೆ ಲೋಹದ ಬಿಲ್ಲೆ ಇಟ್ಟು ಸುತ್ತಿಗೆಯ ಏಟು. ಏಟು ನೇರವಾಗಿ ತಿನ್ನುವುದು ಮೇಲಿನದು, ಹಾಗಾಗಿ ಅದು ಬೇಗ ಹಾಳಾಗುತ್ತದೆ. ಒಂದು ಮುಖದ ಅಚ್ಚು ಬಾಳುವಷ್ಟರಲ್ಲಿ ಹಿಂಬದಿಯವು ಎರಡು ಮೂರು ಬದಲಾಗಿರುತ್ತವೆ. ಕೊನೆಗೆ ಮುಖದ ಅಚ್ಚೂ ಸೋತಾಗ, ಇನ್ನೂ ಗಟ್ಟಿಯಾಗಿರುವ ಹಿಂಬದಿಯ ಅಚ್ಚಿಗೆ ಹೊಸ ಮುಖ ಜೊತೆಯಾಗುತ್ತದೆ. ಅಂತ್ಯಾಕ್ಷರಿಯಲ್ಲಿ ಒಂದು ಹಾಡಿನ ಕೊನೆಯ ಅಕ್ಷರ ಹಿಡಿದು ಮುಂದಿನ ಹಾಡು ಶುರುವಾಗುವ ಹಾಗೆ ಕೊಂಡಿಗೆ ಕೊಂಡಿ ಸೇರಿ ಸರಪಣಿಯಾಗುತ್ತದೆ.

ಆದರೆ ಸರಪಣಿಯ ತಲೆ ಯಾವುದು, ಬಾಲ ಯಾವುದು? ಸಂಕ್ರಾಂತಿಗೆ ಮನೆಯಲ್ಲಿ ಸಕ್ಕರೆ ಅಚ್ಚು ಹೊಯ್ದವರಿಗೆ ಉತ್ತರ ಗೊತ್ತು. ಮರದ ಅಚ್ಚಿನಲ್ಲಿ ಆನೆಯ ಬೆನ್ನಿನ ಕಡೆ ಬಿರುಕು ಬಿಟ್ಟಿದ್ದರೆ ಪಾಕ ಅದರೊಳಕ್ಕೂ ಇಳಿದು, ಸಕ್ಕರೆ ಆನೆಯ ಬೆನ್ನ ಮೇಲೆ ಗೆರೆಯೊಂದು ಎದ್ದು ನಿಲ್ಲುತ್ತದೆ. ವರ್ಷ ಕಳೆದು ಬಿರುಕು ಬೆಳೆದಷ್ಟೂ ಗೆರೆ ಉದ್ದ. ನಾಣ್ಯದಲ್ಲೂ ಅದೇ: ಗೀರಾದರೆ ಒಳಕ್ಕೆ ತಗ್ಗಿರುತ್ತದೆ, ಅಚ್ಚಿನ ಬಿರುಕಾದರೆ ಉಬ್ಬಿರುತ್ತದೆ. ಸಾಮ್ರಾಜ್ಞಿಯ ಕೆನ್ನೆಯ ಮೇಲೆ ಗೆರೆಯಿಲ್ಲದ ನಾಣ್ಯ ಮೊದಲು, ಸಣ್ಣ ಗೆರೆಯದು ನಂತರ, ಕಿವಿಯವರೆಗೆ ಸೀಳಿದ್ದು ಕೊನೆ. ಕಂಚಿನ ನಾಣ್ಯ ಸಿಕ್ಕಾಗ ಹುಣಿಸೆಹಣ್ಣು ಹಾಕಿ ತಿಕ್ಕಬೇಡಿ ಎಂದು ನಾನು ಅಂಗಲಾಚುವುದು ಇದಕ್ಕೇ. ಹೊಳಪು ಬರುತ್ತದೆ ನಿಜ, ಕೂದಲೆಳೆಯಂಥ ಆ ಗೆರೆ ಹೋಗಿಬಿಡುತ್ತದೆ.

ಮುಖವನ್ನು ಬಿಟ್ಟು ಬಟ್ಟೆಯನ್ನೂ ಹೆಸರನ್ನೂ ನೋಡಬೇಕು. ಒಂದನೇ ಥಿಯೊಡೋಸಿಯಸ್‌ನ ಹೆಂಡತಿ ಏಲಿಯಾ ಫ್ಲಾಚಿಲ್ಲಾ 383ರಲ್ಲಿ ಅಗಸ್ಟಾ ಆದಾಗ ನಾಣ್ಯದಲ್ಲಿ ಆಕೆಗೆ ತೊಡಿಸಿದ್ದು ಚಕ್ರವರ್ತಿ ತೊಡುವ ದಂಡನಾಯಕನ ಮೇಲುವಸ್ತ್ರ. 400ರಲ್ಲಿ ಬಿರುದು ಪಡೆದ ಸೊಸೆ ಯುಡೋಕ್ಸಿಯಾಳ ತಲೆಯ ಮೇಲೆ ಆಕಾಶದಿಂದ ದೇವರ ಕೈಯೊಂದು ಇಳಿದು ಕಿರೀಟ ಹಿಡಿಯುತ್ತದೆ. ಏಲಿಯಾ ಎಂಬ ಆ ಮನೆತನದ ಹೆಸರೇ ಮುಂದೆ ಬಿರುದಿನಂತೆ ಎಲ್ಲರಿಗೂ ಅಂಟಿತು. ಅಥೆನ್ಸಿನ ಪಂಡಿತನ ಮಗಳು ಅಥೆನಾಯಿಸ್ 421ರಲ್ಲಿ ಎರಡನೇ ಥಿಯೊಡೋಸಿಯಸ್‌ನನ್ನು ಮದುವೆಯಾದಳು, ನಾಣ್ಯದಲ್ಲಿ ಆಕೆ ಏಲಿಯಾ ಯುಡೋಸಿಯಾ. ಗಾಲ್ಲಾ ಪ್ಲಾಸಿಡಿಯಾ ಪಶ್ಚಿಮದ ರವೆನ್ನಾದಲ್ಲಿ ಗಾಲ್ಲಾ ಆಗಿಯೇ ಉಳಿದಳು, ಅಣ್ಣನ ಮಗನ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಮಾತ್ರ ಏಲಿಯಾ. ಅಲ್ಲಿ ಉದ್ದ ಶಿಲುಬೆ ಹಿಡಿದ ರೆಕ್ಕೆಯ ವಿಜಯದೇವತೆಯ ಚಿನ್ನದ ನಾಣ್ಯವನ್ನು ಯುಡೋಸಿಯಾ, ಪ್ಲಾಸಿಡಿಯಾ ಇಬ್ಬರ ಹೆಸರಿನಲ್ಲೂ ಹೊಡೆದರು. ಯುಡೋಸಿಯಾ ಅಗಸ್ಟಾ ಆದದ್ದು 423ರಲ್ಲಿ, ಹಾಗಾಗಿ ಆಕೆಯ ಹೆಸರಿನ ನಾಣ್ಯ ಅದಕ್ಕಿಂತ ಹಿಂದಿನದಾಗಲಾರದು. ಇಡೀ ಸರಣಿಗೆ ಇದೊಂದು ಮೈಲಿಗಲ್ಲು.

ಆ ಎರಡನೇ ಥಿಯೊಡೋಸಿಯಸ್‌ನ ಚಿನ್ನದ ನಾಣ್ಯ ನಮ್ಮ ಹಾವೇರಿ ಜಿಲ್ಲೆಯ ಅಕ್ಕಿಆಲೂರಿನ ನೆಲದಲ್ಲೂ ಸಿಕ್ಕಿದೆ. ದಕ್ಷಿಣ ಭಾರತದ ಇಂಥ ಹಲವು ನಾಣ್ಯಗಳಲ್ಲಿ ಚಕ್ರವರ್ತಿಯ ತಲೆಯ ಮೇಲ್ಗಡೆ ಎರಡು ತೂತುಗಳಿವೆ. ಇಲ್ಲಿನವರು ಪೋಣಿಸಿ ಕೊರಳಿಗೆ ಹಾಕಿಕೊಂಡಿದ್ದರು.

ಎರಡನೇ ಥಿಯೊಡೋಸಿಯಸ್‌ನ ಅಕ್ಕ ಪುಲ್ಕೇರಿಯಾ 414ರಲ್ಲಿ, ಹದಿನೈದರ ವಯಸ್ಸಿನಲ್ಲಿ ಅಗಸ್ಟಾ ಆದವಳು. ಮದುವೆಯಾಗುವುದಿಲ್ಲವೆಂದು ವ್ರತ ತೊಟ್ಟಿದ್ದಳು. 450ರಲ್ಲಿ ತಮ್ಮ ಕುದುರೆಯಿಂದ ಬಿದ್ದು ಸತ್ತ. ಸಿಂಹಾಸನಕ್ಕೊಬ್ಬ ಗಂಡಸು ಬೇಕಾಗಿ, ವ್ರತಕ್ಕೆ ಭಂಗ ಬಾರದ ಷರತ್ತಿನ ಮೇಲೆ ಆಕೆ ಮಾರ್ಸಿಯನ್ ಎಂಬ ದಳಪತಿಯ ಕೈ ಹಿಡಿದಳು. 437ರಲ್ಲಿ ಆಕೆಯ ತಮ್ಮನ ಮಗಳ ಮದುವೆಗೆ ಹೊಡೆದ ಚಿನ್ನದ ನಾಣ್ಯದಲ್ಲಿ ವಧೂವರರ ನಡುವೆ ನಿಂತು ಕೈ ಕೂಡಿಸಿದವನು ಹುಡುಗಿಯ ತಂದೆ. ಪುಲ್ಕೇರಿಯಾಳ ಮದುವೆಯ ನಾಣ್ಯದಲ್ಲಿ ಅದೇ ಜಾಗದಲ್ಲಿ ಕ್ರಿಸ್ತ ನಿಂತಿದ್ದಾನೆ. ಆ ಎರಡನೆಯ ನಾಣ್ಯದ ಒಂದೇ ಒಂದು ಪ್ರತಿ ಗ್ಲಾಸ್ಗೋದ ಹಂಟೇರಿಯನ್ ಸಂಗ್ರಹಾಲಯದಲ್ಲಿದೆ.